ಪಕ್ಕದ ಮಂಚದವಳಿಗೆ

ಲೇ ಬಾಯಿಬಡಕಿ,

ಹೊಟ್ಟೆ ತುಂಬ ಹರಡಿದ್ದ ನನ್ನ ಅಂಡಾಶಯದ ಕ್ಯಾನ್ಸರ್ ಈಗ ಸ್ಕ್ಯಾನಿನಲ್ಲಿ ಎಲ್ಲೂ ಕಾಣುತ್ತಿಲ್ಲವೆಂದು ಡಾಕ್ಟರು ಇವತ್ತು ಹೇಳಿದರು. ಹೊರಗೆ ಬಂದದ್ದೇ ತಡ, ನಾದಿನಿ ನನ್ನ ಕೈ ಹಿಡಿದುಕೊಂಡಳು.

“ಅತ್ತಿಗೆ, ನಿಮ್ಮ ಪ್ರಾರ್ಥನೆ ದೇವರಿಗೆ ಕೇಳಿಸ್ತು ನೋಡಿ!”

“ಸಾಕು, ಬಾಯಿ ಮುಚ್ಚು” ಎಂದುಬಿಟ್ಟೆ. ಪಾಪ, ಬಸ್ಸಿನಲ್ಲಿ ದಾರಿಯುದ್ದಕ್ಕೂ ಮುಖ ಊದಿಸಿಕೊಂಡು ಕೂತಿದ್ದಳು.

ಕೀಮೋ ಹಾಕುವಾಗ ನಾನು ಕಣ್ಣು ಮುಚ್ಚಿ ಕೈ ಮುಗಿದರೆ, “ನಿನ್ನ ದೇವರಿಗೆ ಕಿವಿ ಮಂದ ಕಣೇ, ಗಟ್ಟಿಯಾಗಿ ಕೂಗು” ಎಂದು ನೀನು ರೇಗಿಸುತ್ತಿದ್ದೆ. ನೀನು ತೀರಿಹೋದ ಮೇಲೆ ಹಾಗೆ ರೇಗಿಸುವವರೂ ಇಲ್ಲ.

ನಾದಿನಿಗೆ ಏನಂತ ಹೇಳಲಿ? ದೇವರ ಮೇಲಿನ ನಂಬಿಕೆ ಹೋಗಿಲ್ಲ, ಸಿಟ್ಟು ಬಂದಿದೆ. ನಾನು ಒಂದು ದಿನವೂ ನನಗೊಬ್ಬಳಿಗೇ ಅಂತ ಬೇಡಿಕೊಂಡವಳಲ್ಲ. ದಿನಾ ಮೊದಲು ಹೇಳುತ್ತಿದ್ದದ್ದು ನಿನ್ನ ಹೆಸರನ್ನೇ.