ಬೆಳ್ಳಿ ಬಣ್ಣದ ಡಬ್ಬಿ

ಬೈತಖೋಲ,
೧೦-೧೦-೨೦೦೫

ಮಾಲಕರಾದ ತುಳಸಿದಾಸ ಅವರಿಗೆ, ನಿಮ್ಮ ಐಸ್ ಪ್ಲಾಂಟಿನ ಫಿಟ್ಟರ್ ಸೋಮುವಿನ ನಮಸ್ಕಾರ.

ಆಯುಧಪೂಜೆಗೆ ಪೈಪುಗಳಿಗೆ ಬಳಿಯಲು ನೀವು ಕಳಿಸಿದ ಬೆಳ್ಳಿ ಬಣ್ಣ ಮುಟ್ಟಿತು. ಹನ್ನೊಂದು ವರ್ಷ ನಾನು ಹೊದಿಕೆಯ ಮೇಲೇ ಬಳಿದೆ, ನೀವು ಅದನ್ನೇ ‘ತಪಾಸಣೆ ಆಗಿದೆ’ ಎಂದು ಪುಸ್ತಕದಲ್ಲಿ ಬರೆದಿರಿ. ಈ ಸಲ ಬಳಿಯುವ ಮೊದಲು ಅಮೋನಿಯಾ ಪೈಪಿನ ಥರ್ಮಾಕೋಲ್ ಹೊದಿಕೆ ಬಿಚ್ಚಿದೆ. ಒಳಗೆ ಕೊಳೆತ ನೀರು; ಕಬ್ಬಿಣ ಪದರು ಪದರಾಗಿ ಉದುರಿತು. ಬಣ್ಣ ಬಳಿದ ನನ್ನ ಕೈಯೇ ನನಗೆ ಹೇಸಿಗೆಯಾಯಿತು. ಅದರ ಕೆಳಗೇ ಮೀನು ಆರಿಸುತ್ತಿದ್ದ ಕಾಶಿ ತಲೆಯ ಮೇಲೆ ಬಿದ್ದ ತುಕ್ಕು ಕೊಡವಿ, “ಈ ವರ್ಷ ಬಣ್ಣ ಹಚ್ಚೂದಿಲ್ವಾ ಸೋಮಣ್ಣ?” ಎಂದಳು. ಪೈಪು ಒಡೆದರೆ ಆ ವಿಷದ ಗ್ಯಾಸು ಮೊದಲು ಹೋಗುವುದು ಅವಳ ಮೂಗಿಗೇ.

ಪ್ಲಾಂಟು ನಿಲ್ಲಿಸಿದ್ದೇನೆ. ಡಬ್ಬಿ ವಾಪಸು ಕಳಿಸಿದ್ದೇನೆ. ಹೊಸ ಪೈಪು ತರಿಸಿ. ಅದಕ್ಕೂ ಮೊದಲೇ ಪ್ಲಾಂಟು ಚಾಲೂ ಆಗಬೇಕಿದ್ದರೆ, ಬಂದು ಕಾಶಿಯ ಜಾಗದಲ್ಲಿ ನೀವು ಕೂತುಕೊಳ್ಳಿ. ಸ್ವಿಚ್ಚು ನಾನೇ ಹಾಕುತ್ತೇನೆ.

ಸೋಮು, ಭಾವಿಕೇರಿ