ಆಂಟಿಮ್ಯಾಟರ್ ಹಿಡಿಯಲು ಹೊರಟವಳು

ದೇವನಹಳ್ಳಿ ವಿಮಾನ ನಿಲ್ದಾಣ
ಶುಕ್ರವಾರ

ಅತ್ತೆಯವರಿಗೆ ಸಿಂಧು ಮಾಡುವ ನಮಸ್ಕಾರಗಳು.

"ಬೇಗ ಬರೀರಿ ಅತ್ತಿಗೆ, ಇಲ್ಲಿ ಕಾರ್ ನಿಲ್ಸಂಗಿಲ್ಲ" ಎಂದು ಆನಂದ ಅವಸರ ಮಾಡುತ್ತಿದ್ದಾನೆ. ಕಾಗದವನ್ನು ಅವನ ಕೈಯಲ್ಲೇ ಕಳಿಸುತ್ತೇನೆ.

ಬೆಂಗಳೂರಿನ ಲ್ಯಾಬಿನಲ್ಲಿ ಇಷ್ಟು ವರ್ಷ ಪರಮಾಣುಗಳನ್ನು ವಿಪರೀತ ತಣ್ಣಗಾಗಿಸಿ, ಓಡದಂತೆ ಹಿಡಿದಿಡುವ ಕೆಲಸ ಮಾಡಿದೆ. ಆಂಟಿಮ್ಯಾಟರನ್ನೂ ಹಾಗೆ ಹಿಡಿದು ನೋಡಬೇಕೆಂಬುದು ಓದುವಾಗಿನ ಆಸೆ. ಅದು ವಸ್ತುವಿನ ತದ್ವಿರುದ್ಧ ರೂಪ; ನಮ್ಮ ಲೋಕದ ಯಾವ ವಸ್ತು ತಾಗಿದರೂ ಎರಡೂ ಇಲ್ಲವಾಗುತ್ತವೆ. ಅದನ್ನು ಹಿಡಿದಿಡುವ ಯಂತ್ರ ಜಿನೀವಾದಲ್ಲಿದೆ. ಎರಡು ವರ್ಷದ ಕೆಲಸಕ್ಕೆ ಅಲ್ಲಿಂದ ಕರೆ ಬಂದಾಗ ನಿಮ್ಮ ಮಗ, "ಸಿಂಚನ ದೊಡ್ಡೋಳಾಗ್ಲಿ, ಆಮೇಲ್ ಹೋಗು" ಎಂದರು. ನೀವು ರಾಗಿ ಕೇರುವುದನ್ನು ನಿಲ್ಲಿಸಿ, "ನನ್ನೂ ಆಮೇಲ್ ಓದಿಸ್ತೀವಿ ಅಂದಿದ್ರು ಕಣೋ. ಅವ್ಳು ಹೋಗ್ಲಿ, ಮಗೂನ ನಾನ್ ನೋಡ್ಕೊತೀನಿ" ಎಂದಿರಿ.

ಬೆಳಿಗ್ಗೆಯಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಪಾಸ್‌ಪೋರ್ಟ್ ತೆಗೆಯುತ್ತೇನೆ, ಮತ್ತೆ ಇಡುತ್ತೇನೆ.

ಕೆಮ್ಮಿನ ಸಿರಪ್ಪು ಫ್ರಿಜ್ಜಿನ ಮೇಲಿದೆ. ಜಡೆ ಬಿಗಿಯಾದರೆ ಸಿಂಚನ ಅಳುತ್ತಾಳೆ, ಸಡಿಲವಾಗಿ ಹೆಣೆಯಿರಿ. ಇವತ್ತು ಅವಳು ಎಷ್ಟೇ ಹಠ ಮಾಡಿದರೂ ನನಗೆ ಫೋನ್ ಮಾಡಿಕೊಡಬೇಡಿ. ವಿಮಾನ ಹೊರಡಲು ಇನ್ನೂ ಹೊತ್ತಿದೆ, ನಮ್ಮೂರು ಕುಂದಾಣ ಇಲ್ಲೇ ಹತ್ತಿರದಲ್ಲಿದೆ. ಅವಳ ದನಿ ಕೇಳಿದರೆ ಆಟೋ ಹಿಡಿದು ವಾಪಸ್ ಬಂದುಬಿಡುತ್ತೇನೆ.

ನಾಳೆ ಅಲ್ಲಿ ಇಳಿದ ಮೇಲೆ ನಾನೇ ಫೋನ್ ಮಾಡುತ್ತೇನೆ.

ನಿಮ್ಮ ಸೊಸೆ,
ಸಿಂಧು