ಕೆಳಗಿನ ಪ್ಲಗ್‌ಗೆ ಕುಂಕುಮ

ಸಟನ್, ಲಂಡನ್, ಮಂಗಳವಾರ ಬೆಳಿಗ್ಗೆ

ಅಪ್ಪಾಜಿಗೆ,

ಕಾರಿನ ಕೀಲಿ ಹುಡುಕಬೇಡಿ, ನನ್ನ ಹತ್ತಿರ ಇದೆ.

ಭಾನುವಾರ ನೀವು ಸ್ಪಾರ್ಕ್ ಪ್ಲಗ್ ಬದಲಾಯಿಸಿದ ಮೇಲೆ ಗಾಡಿ ಮಿಸ್ಸಿಂಗ್ ಹೊಡೆಯತೊಡಗಿತು. ಬಿಚ್ಚಿ ನೋಡಿದೆ. ಮೇಲಿನ ಪ್ಲಗ್‌ಗಳು ಕೆಳಗಿದ್ದವು, ಕೆಳಗಿನವು ಮೇಲೆ. ಈ ಗಾಡಿಯ ರೋಟರಿ ಎಂಜಿನ್‌ಗೆ ಎರಡು ಬಗೆಯ ಪ್ಲಗ್ ಬೇಕು, ಅದಲುಬದಲಾಗಬಾರದು ಎಂದು ನನಗೆ ಕಲಿಸಿದವರೇ ನೀವು. ಪ್ರತಿ ಆಯುಧಪೂಜೆಗೆ ಕೆಳಗಿನವಕ್ಕೆ ಕುಂಕುಮ, ಮೇಲಿನವಕ್ಕೆ ಅರಿಶಿನ ಹಚ್ಚಿ, "ಇನ್ನು ತಪ್ಪು ಮಾಡೋದು ಹೇಗೆ ಹೇಳು, ಚಿನ್ನೀ" ಎನ್ನುತ್ತಿದ್ದಿರಿ.

ಕಾಫಿಪುಡಿಗೆಂದು ಇಲ್ಲೇ ಹತ್ತಿರದ ಟೂಟಿಂಗ್‌ಗೆ ಹೊರಟವರು ದಾರಿ ತಪ್ಪಿ ಊರಿನ ಇನ್ನೊಂದು ತುದಿಯ ಗ್ರೀನ್‌ಫರ್ಡ್‌ನಿಂದ ಫೋನ್ ಮಾಡಿದ ದಿನ, ತಡವಾಗಿದ್ದು ಟ್ರಾಫಿಕ್‌ನಿಂದ ಎಂದು ಅಮ್ಮನಿಗೆ ಹೇಳಿದೆ. ಈ ಸಲ ಏನು ಹೇಳಲಿ?

ಮೇಜಿನ ಮೇಲೆ ನಾಲ್ಕು ಹೊಸ ಪ್ಲಗ್ ಇಟ್ಟಿದ್ದೇನೆ, ಪಕ್ಕದಲ್ಲೇ ಕುಂಕುಮ, ಅರಿಶಿನ. ನೀವೇ ಆರಿಸಿ ಹಚ್ಚಿಡಿ. ಮರೆವಿನ ಪೇಷೆಂಟ್‌ಗಳ ಕೈಲಿ ಗಡಿಯಾರದ ಚಿತ್ರ ಬರೆಸಿ ಪರೀಕ್ಷಿಸುತ್ತಿದ್ದ ಡಾಕ್ಟರು ನೀವು; ಇದು ಯಾಕೆಂದು ನಾನು ವಿವರಿಸಬೇಕಿಲ್ಲ.

ಗೊತ್ತಾಗದಿದ್ದರೆ ಸಿಟ್ಟಿನಲ್ಲಿ ಯಾವುದಕ್ಕೋ ಹಚ್ಚಬೇಡಿ. ಹಾಗೇ ಬಿಡಿ. ಸಂಜೆ ಡ್ಯೂಟಿ ಮುಗಿಸಿ ಬಂದು ನಾನೇ ಹಚ್ಚುತ್ತೇನೆ. ನಾಳೆ ಜಿಪಿ ಡಾಕ್ಟರ ಹತ್ತಿರ ಇಬ್ಬರೂ ಬಸ್ಸಿನಲ್ಲಿ ಹೋಗೋಣ.

ನಿಮ್ಮ
ಚಿನ್ಮಯಿ